ನಾನು ಹೇಳಿಸಿದ ಬುಟೀಕ್

ಸೀರೆಗೆ ಫಾಲ್ ಹಾಕುವಾಗ ಹೊಲಿಗೆ ಮುಂಭಾಗಕ್ಕೆ ಕಾಣಬಾರದು. ಅಂಚಿನ ಬಣ್ಣಕ್ಕೆ ಹೊಂದುವ ದಾರ ಹುಡುಕಿ, ಸೂಜಿಯ ತುದಿಯಲ್ಲಿ ಒಂದೆರಡು ಎಳೆಯನ್ನು ಮಾತ್ರ ಎತ್ತಿ ಹೊಲಿಯಬೇಕು. ಹದಿನೆಂಟು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ. ಲಷ್ಕರ್ ಮೊಹಲ್ಲಾದ ಒಂದು ಸೀರೆ ಅಂಗಡಿಯ ಮೆಟ್ಟಿಲ ಮೇಲೆ ನನ್ನ ಜಾಗ. ಒಳಗೆ ಸೀರೆ ಕೊಂಡವರು ಹೊರಗೆ ಬಂದು ನನ್ನ ಕೈಗೆ ಕೊಟ್ಟು ಹೋಗುತ್ತಾರೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಪ್ಪ ತೀರಿಕೊಂಡಾಗ ಸ್ಕೂಲು ಬಿಟ್ಟೆ. ಆಗ ತಂಗಿ ತೊಟ್ಟಿಲಲ್ಲಿದ್ದಳು. ಹೋದ ವರ್ಷ ಅವಳ ಡಿಗ್ರಿ ಮುಗಿಯಿತು. ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿರುವ ದೊಡ್ಡ ಹೋಟೆಲೊಂದರಿಂದ ರಿಸೆಪ್ಷನ್ ಕೆಲಸಕ್ಕೆ ಇಂಟರ್‌ವ್ಯೂ ಬಂತು. ಎಲ್ಲ ಕಡೆ ಕೇಳುವ ಪ್ರಶ್ನೆಗಳನ್ನು ಗೆಳತಿಯಿಂದ ತಿಳಿದುಕೊಂಡು, ಒಂದು ನೋಟ್‌ಬುಕ್ಕಿನಲ್ಲಿ ಉತ್ತರ ಬರೆದುಕೊಂಡಳು. ಮೊದಲು ಕನ್ನಡದಲ್ಲಿ, ಅದರ ಕೆಳಗೆ ಇಂಗ್ಲಿಷಿನಲ್ಲಿ. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನೀನೇ ಸಾಹೇಬರು ಎಂದಳು.

ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, "ಏನಮ್ಮ, ಯಾಕ್ ಬೇಕು ನಿಂಗೆ ಈ ಕೆಲ್ಸ?" ಎಂದೆ.

"ಅಯ್ಯೋ, ಯಾರೂ ಅಂಗ್ ಕೇಳಲ್ಲ ಕಣಕ್ಕ. ನಲ್ಲಿ ಹತ್ರ ಜಗಳಕ್ಕೆ ಬಂದೋಳ ಥರ ಇದೀಯ!"

"ಇನ್ನೆಂಗ್ ಕೇಳ್ತಾರೆ ಮತ್ತೆ? ನಂಗೇನು ಯಾರಾದ್ರೂ ಇಂಟರ್‌ವ್ಯೂ ಮಾಡವ್ರಾ?"

"ನಗ್ತಾ ಕೇಳ್ತಾರೆ. ಬೇಡ ಅನ್ನೋದೂ ನಗ್ತಾನೇ ಅಂತೆ."

ಅಡುಗೆಮನೆಯಲ್ಲಿದ್ದ ಅಮ್ಮನೂ ನಕ್ಕಳು. ಹೀಗೇ ಐದಾರು ಪ್ರಶ್ನೆ ಆಯಿತು. ಆಮೇಲೆ, ನಿಮ್ಮ ಮನೆಯವರ ಬಗ್ಗೆ ಹೇಳಿ ಎಂಬುದು ಬಂತು. ತಂಗಿ ಪುಸ್ತಕ ಮಡಚಿ ಇಟ್ಟು, ಬಾಯಲ್ಲೇ ಹೇಳಿದಳು.

"ನಮ್ಮಕ್ಕ ಸೀರೆ ಅಂಗಡಿ ಮೆಟ್ಲು ಮೇಲೆ ಮೆಷಿನ್ ಇಟ್ಕೊಂಡು ಫಾಲ್ ಹೊಲೀತಾಳೆ ಸರ್. ರಜೇಲಿ ನಾನೂ ಅಲ್ಲೇ ಕೂತು ಚೀಟಿ ಬರೀತಿದ್ದೆ. ಮದುವೆ ಸೀಸನ್ನಲ್ಲಿ ಹತ್ತು ಜನ ಒಟ್ಟಿಗೆ ಬಂದು ನಂದು ಮೊದ್ಲು, ನಂದು ಮೊದ್ಲು ಅಂತಾರೆ. ಯಾರ್ಗೂ ಬೇಜಾರಾಗ್ದಂಗೆ ಸಮಾಧಾನ ಮಾಡಿ ಕಳ್ಸೋದನ್ನ ಅಲ್ಲೇ ಕಲ್ತೆ."

ಅಷ್ಟಕ್ಕೇ ನಿಲ್ಲಲಿಲ್ಲ. ಎದ್ದು ಸೊಂಟದ ಮೇಲೆ ಕೈಯಿಟ್ಟು, ಕೃಷ್ಣಮೂರ್ತಿಪುರಂನಿಂದ ಬರುವ ಒಬ್ಬ ಗಿರಾಕಿಯ ದನಿ ತೆಗೆದಳು. "ಏಯ್ ಫಾಲ್‌ನೋಳೇ, ನಾಳೆ ನಮ್ಮನೇಲಿ ಚಪ್ಪರ ಕಣಮ್ಮ, ನಿಂಗೇನು ಆರಾಮಾಗಿ ಕೂತಿದೀಯ!" ಆ ಹೆಂಗಸೇ ಬಂದು ನಿಂತಂತಿತ್ತು. ಅಮ್ಮ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ನನಗೆ ನಗು ಬರಲಿಲ್ಲ.

"ಅದೆಲ್ಲ ಬೇಡ ಬುಡು," ಎಂದೆ. "ದೊಡ್ಡ ಹೋಟ್ಲು. ಮೆಟ್ಲು ಮೇಲೆ ಕೂರೋಳ ತಂಗಿ ಅಂದ್ರೆ ಒಳಗೆ ಬುಟ್ಕೋತಾರಾ? ನಮ್ಮಕ್ಕ ಬುಟೀಕ್ ಇಟ್ಟವ್ಳೆ ಅನ್ನು."

"ಸುಳ್ಳಾಗಲ್ವಾ ಅಕ್ಕ?"

"ಎಲ್ಲಿ ಕೂತು ಹೊಲಿದ್ರೂ ಹೊಲಿಗೆ ಹೊಲಿಗೇನೆ. ನಿನ್ ಒಳ್ಳೇದಕ್ಕೇ ಹೇಳ್ತಿರೋದು."

ಹೊಲಿಗೆ ಡಬ್ಬಿಯಿಂದ ಸೀಮೆಸುಣ್ಣದ ಬಿಲ್ಲೆ ತೆಗೆದು, ಅವಳ ಪುಸ್ತಕ ಬಿಡಿಸಿ, ಬಟ್ಟೆಗೆ ಗುರುತು ಹಾಕುವಂತೆ ಮನೆಯವರ ಬಗ್ಗೆ ಬರೆದಿದ್ದ ಸಾಲುಗಳ ಮೇಲೆ ಉದ್ದಕ್ಕೆ ಎಳೆದೆ. ಸೆರಗಿನಲ್ಲಿ ಒರೆಸಿದರೆ ಹೋಗುವ ಗೆರೆ. ಅವಳು ಒರೆಸಲಿಲ್ಲ. ನನ್ನ ಮಾತನ್ನು ಅವಳು ಎಂದೂ ಮೀರಿದವಳಲ್ಲ.

ಇಂಟರ್‌ವ್ಯೂ ದಿನ ಅವಳು ಮನೆಗೆ ಹೋಗದೆ ನೇರ ಅಂಗಡಿಗೆ ಬಂದು ನನ್ನ ಪಕ್ಕ ಕೂತಳು. ಏನಾಯಿತು ಎಂದು ಕೇಳಿದೆ.

"ಬುಟೀಕ್ ಎಲ್ಲಿದೆ, ಎಷ್ಟು ಜನ ಇದಾರೆ ಅಂದ್ರು. ನಾಲ್ಕು ಜನ ಅಂದ್ಬುಟ್ಟೆ. ಅಲ್ಲಿ ನೀವು ಕಸ್ಟಮರ್ಸ್‌ನ ನೋಡ್ಕೊಂಡಿದೀರಾ ಅಂದ್ರು."

"ಹೂಂ ಅನ್ಬೇಕಿತ್ತು!"

"ಹೂಂ ಅಂದ್ರೆ ಏನೇನ್ ಮಾಡ್ತಿದ್ರಿ ಅಂತಾರೆ. ನಂಗೆ ಗೊತ್ತಿರೋದೆಲ್ಲ ಈ ಮೆಟ್ಲು ಮೇಲಿಂದು. ಬುಟೀಕ್ ಒಳಗೆ ಎಂಗಿರತ್ತೋ ಯಾರಿಗ್ ಗೊತ್ತು? ಇಲ್ಲ ಸರ್ ಅಂದ್ಬುಟ್ಟೆ."

ಇಡೀ ದಿನ ಜನರನ್ನು ಸುಧಾರಿಸಬೇಕಾದ ಕೆಲಸ ಅದು. ತಾನು ಜನರನ್ನು ನೋಡಿಕೊಂಡೇ ಇಲ್ಲ ಎಂದು ಹೇಳಿ ಬಂದಿದ್ದಳು.

ಅಷ್ಟರಲ್ಲಿ ಇಬ್ಬರು ಹೆಂಗಸರು ಒಟ್ಟಿಗೆ ಮೆಟ್ಟಿಲಿಳಿದು ಬಂದರು. ಇಬ್ಬರಿಗೂ ಸಂಜೆಯೊಳಗೆ ಸೀರೆ ಬೇಕು. ನಾನು ಮೊದಲು ಬಂದೆ, ನಾನು ಮೊದಲು ಬಂದೆ ಎಂದು ದನಿ ಏರಿತು. ತಂಗಿ ಇಂಟರ್‌ವ್ಯೂ ಬಟ್ಟೆಯಲ್ಲೇ ಎದ್ದು, ಒಬ್ಬರ ಸೀರೆಯ ಬಣ್ಣ ಹೊಗಳಿದಳು, ಇನ್ನೊಬ್ಬರನ್ನು ಯಾವ ಬಸ್ಸಿಗೆ ಹೋಗಬೇಕು ಎಂದು ವಿಚಾರಿಸಿದಳು, ಇಬ್ಬರಿಗೂ ಬೇರೆ ಬೇರೆ ಹೊತ್ತು ಬರೆದು ಚೀಟಿ ಕೊಟ್ಟಳು. ಇಬ್ಬರೂ ನಗುತ್ತಾ ಹೋದರು. ನಾನು ಪೆಡಲಿನ ಮೇಲೆ ಕಾಲಿಟ್ಟುಕೊಂಡು ನೋಡುತ್ತಲೇ ಇದ್ದೆ.

ಹೋಟೆಲಿನಿಂದ ಫೋನ್ ಬರಲಿಲ್ಲ.

ಅವಳ ಒಳ್ಳೆಯದಕ್ಕೆ ಎಂದಿದ್ದೆನಲ್ಲ, ಅದು ನಿಜವಲ್ಲ. ಫಾಲ್‌ನೋಳೇ ಎಂದು ಕರೆಸಿಕೊಂಡು ಕರೆಸಿಕೊಂಡು ನನಗೇ ನನ್ನ ಮೆಟ್ಟಿಲೆಂದರೆ ನಾಚಿಕೆ. ತಂಗಿಗೆ ಆ ನಾಚಿಕೆ ಇರಲಿಲ್ಲ. ನಾನು ಕೂತ ಜಾಗವನ್ನು ನಗುನಗುತ್ತಾ ಹೇಳಲು ಹೊರಟಿದ್ದ ಒಬ್ಬಳೇ ಒಬ್ಬಳ ಬಾಯನ್ನು ನಾನೇ ಮುಚ್ಚಿಸಿದೆ. ಇದನ್ನು ಅಮ್ಮನಿಗೂ ಹೇಳಿಲ್ಲ.

ಈಗ ಒಂದು ಕಣ್ಣಿನ ಆಸ್ಪತ್ರೆಯಿಂದ ಅವಳಿಗೆ ಕರೆ ಬಂದಿದೆ. ನಿನ್ನೆ ನಾನಾಗಿಯೇ ಸ್ಟೂಲಿನ ಮೇಲೆ ಕೂತು, "ಬುಟೀಕ್ ಬೇಡ ಬುಡು. ಮೊದ್ಲು ಬರ್ದಿದ್ಯಲ್ಲ, ಅದ್ನೇ ಹೇಳು" ಎಂದೆ.

"ಸರಿ ಕಣಕ್ಕ" ಎಂದು ನೋಟ್‌ಬುಕ್ ತೆಗೆದಳು. ಸುಣ್ಣದ ಗೆರೆ ಉದುರಿಹೋಗಿ ಹಾಳೆ ಸ್ವಲ್ಪ ಬೆಳ್ಳಗಿತ್ತು, ಅಕ್ಷರ ಚೆನ್ನಾಗಿ ಕಾಣುತ್ತಿತ್ತು. ಕೈ ಕಟ್ಟಿಕೊಂಡು ನಿಂತು, ಮೆಟ್ಟಿಲು, ಮೆಷಿನ್, ಚೀಟಿ, ಹತ್ತು ಜನ, ಒಂದನ್ನೂ ಬಿಡದೆ ಒಪ್ಪಿಸಿದಳು. ಕೊನೆಗೆ ನನ್ನ ಮುಖ ನೋಡಿ, "ಇಷ್ಟು ಸಾಕಾ ಅಕ್ಕ?" ಎಂದಳು.

"ಆ ಕೃಷ್ಣಮೂರ್ತಿಪುರಂ ಅಮ್ಮಂದು ಮಾಡ್ ತೋರ್ಸು."

"ಬೇಡ ಕಣಕ್ಕ. ಅವತ್ತು ಬೇಜಾರ್ ಮಾಡ್ಕೊಂಡ್ಬುಟ್ಟೆ ನೀನು."

ನನ್ನ ನಾಚಿಕೆ ಅವಳಿಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೇ, ನನ್ನ ಮೆಟ್ಟಿಲ ಸುದ್ದಿ ಎತ್ತದೆ, ಹೋಟೆಲಿನವರ ಮುಂದೆ ಇಲ್ಲ ಸರ್ ಎಂದು ಬಂದಿದ್ದಳು.