ಹಸಿರು ಅಂಚು ಕಟ್ಟಿದ ಕ್ಯಾನುಗಳು

ನಮ್ಮ ಮನೆಯವರು ಗಾಡಿಯ ಆಯಿಲ್ ಬದಲಿಸುವ ದಿನ ಮನೆಯಲ್ಲಿ ನನ್ನ ಮಾತು ನಡೆಯುತ್ತಿರಲಿಲ್ಲ. ಅಂಗಳಕ್ಕೆ ನೀರು ಹಾಕುವಂತಿಲ್ಲ, ಕೋಳಿ ಬಿಡುವಂತಿಲ್ಲ, ಕಾಫಿ ಆಯಿತು ಅಂತ ಕೂಗುವಂತೆಯೂ ಇಲ್ಲ. ಮೇಲೂರಿನ ಸುತ್ತಮುತ್ತಲ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬರುವ ಪುಟ್ಟ ಟೆಂಪೊ ಅವರದು. ಅದನ್ನು ಗ್ಯಾರೇಜಿನವರ ಕೈಗೆ ಕೊಟ್ಟವರಲ್ಲ. ಹೆಂಡತಿಯನ್ನು ಆಸ್ಪತ್ರೆಗೆ ಒಬ್ಬಳೇ ಹೋಗಿ ಬಾ ಅಂದಾರು, ಗಾಡಿಯನ್ನು ಮಾತ್ರ ಒಂಟಿಯಾಗಿ ಬಿಡರು.

ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡುವರು. ಹೊಟ್ಟೆ ಕೊಯ್ದ ಹಳೆಯ ಕ್ಯಾನನ್ನು ಗಾಡಿಯಡಿ ತಳ್ಳಿ, ತಾವೂ ತೂರಿಕೊಂಡು ನಟ್ಟು ಬಿಚ್ಚುವರು. ಕಪ್ಪು ಎಣ್ಣೆ ದಾರವಾಗಿ ಇಳಿದು, ಆಮೇಲೆ ತೊಟ್ಟು ತೊಟ್ಟಾಗಿ, ಕೊನೆಯ ತೊಟ್ಟು ನಿಲ್ಲುವವರೆಗೂ ಅಲ್ಲೇ ಕುಕ್ಕುರುಗಾಲಲ್ಲಿ ಕಾಯುವರು. ಫಿಲ್ಟರನ್ನು ಬೋರಲು ಹಾಕಿ ಅದರೊಳಗಿನದನ್ನೂ ಇಳಿಸುವರು. ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ಅಡುಗೆ ಎಣ್ಣೆಯ ಖಾಲಿ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಅದೇ ಸೀರೆಯ ಹಸಿರು ಅಂಚನ್ನು ಹರಿದು ಕತ್ತಿಗೆ ಕಟ್ಟುವರು. ಮನೆಯಲ್ಲಿ ಬೇರೆ ಕ್ಯಾನುಗಳೂ ಇದ್ದವಲ್ಲ, ಯಾರಾದರೂ ಒಗ್ಗರಣೆಗೆ ಬಗ್ಗಿಸಿಬಿಟ್ಟಾರು ಅಂತ ಈ ಗುರುತು. ಸಾಸಿವೆ ಹೂವಿನ ಬಣ್ಣದ ಆ ಸೀರೆ ನನ್ನ ಮದುವೆಯದು. ಆಯಿಲ್ಲಿಗೆ ಕೊಟ್ಟೆನಲ್ಲ ಅಂತ ಎಷ್ಟೋ ಸಲ ಜಗಳ ಆಡಿದ್ದೇನೆ.

ಇಷ್ಟೊಂದು ಮಡಿ ಅವರಿಗೆ ಸುಮ್ಮನೆ ಬಂದದ್ದಲ್ಲ. ನಮ್ಮ ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಸಾಕಿದ್ದ ಒಂದು ರೇಷ್ಮೆ ಬೆಳೆ ಕೈಬಿಟ್ಟಿತ್ತು. ಹುಳು ನಾಲ್ಕನೇ ಜ್ವರದಿಂದ ಎದ್ದು, ಹಿಪ್ಪುನೇರಳೆ ಸೊಪ್ಪು ಹಾಕಿದಷ್ಟೂ ಕರಕರ ಮುಗಿಸುತ್ತಿದ್ದ ದಿನಗಳು. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವ ಹೊತ್ತು. ನಾಲ್ಕನೆಯದು ಮುಗಿದರೆ ಇನ್ನು ಗೂಡು ಕಟ್ಟುವುದೇ ಬಾಕಿ. ಆಗ ಹುಳುಮನೆಗೆ ಊದುಬತ್ತಿಯ ವಾಸನೆಯೂ ಹೋಗಬಾರದು. ನಾನು ಮಲ್ಲಿಗೆ ಮುಡಿದರೆ ಅತ್ತೆ ಬಾಗಿಲಲ್ಲೇ ತೆಗೆಸುತ್ತಿದ್ದರು. ಹೀಗಿರುವಾಗ ಇವರು ಸೊಪ್ಪು ಹೊರುವ ದಪ್ಪ ಬಟ್ಟೆಯನ್ನೇ ಗಾಡಿಯಡಿ ಹಾಸಿಕೊಂಡು ಮಲಗಿ ಆಯಿಲ್ ಬಿಚ್ಚಿದ್ದಾರೆ. ಮಾರನೆಯ ಬೆಳಗ್ಗೆ ಅತ್ತೆ ಅದನ್ನೇ ಕೊಡವಿ ತೋಟಕ್ಕೆ ಒಯ್ದು ಸೊಪ್ಪು ಕಟ್ಟಿಕೊಂಡು ಬಂದರು. ಹುಳುಗಳು ತಲೆ ಎತ್ತಿದವು, ಮೇಯಲಿಲ್ಲ. ಸಂಜೆಗೆ ಹಸಿರು ಕಕ್ಕತೊಡಗಿದವು. ಬುಟ್ಟಿಗಟ್ಟಲೆ ಗುಂಡಿಗೆ ಹಾಕಿ ಸುಣ್ಣ ಸುರಿದು ಮುಚ್ಚುವಾಗ ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಇವರು ಒಂದು ತೊಟ್ಟನ್ನೂ ನೆಲಕ್ಕೆ ಬಿಟ್ಟವರಲ್ಲ.

ಕ್ಯಾನು ತುಂಬಿದಾಗ ಚಿಕ್ಕಬಳ್ಳಾಪುರದ ಹೊರಗಿನ ಒಂದು ಗುಜರಿ ಅಂಗಡಿಗೆ ಕೊಟ್ಟು ಬರುತ್ತಿದ್ದರು. ಅಲ್ಲಿಂದ ಫ್ಯಾಕ್ಟರಿಗೆ ಹೋಗುತ್ತದಂತೆ, ಕ್ಲೀನ್ ಆಗಿ ಮತ್ತೆ ಆಯಿಲ್ ಆಗಿಯೇ ಬರುತ್ತದಂತೆ. ಊರಿನವರು ಬಾಗಿಲಿಗೆ ಬಂದು ಕೇಳುತ್ತಿದ್ದರು, ಗೂಟಕ್ಕೆ ಬಳಿಯಲು, ಎತ್ತಿನ ಹೆಗಲ ಹುಣ್ಣಿಗೆ ಹಚ್ಚಲು, ಹುಳುಮನೆಯ ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ಸವರಲು. ಇವರು ಯಾರಿಗೂ ಕೊಡಲಿಲ್ಲ. "ವಿಷ ಕಣಪ್ಪ ಅದು, ನೆಲಕ್ಕೆ ಬಿದ್ರೆ ಹೋಗಲ್ಲ" ಎಂದು ಹೇಳಿ, ಜಿಪುಣ ಅನ್ನಿಸಿಕೊಂಡರು. ಆಯಿಲ್ಲಿಗೂ ಜಿಪುಣತನವೇ ಅಂತ ನಾನೂ ನಕ್ಕಿದ್ದೆ.

ಆಮೇಲೆ ಬಾವಿಗೆ ನೀರು ಬಂತು. ತೋಟದ ತಗ್ಗಿನ ಮೂಲೆಯಲ್ಲಿ ಮಾವನ ಕಾಲದ ಕಲ್ಲುಬಾವಿ. ನಾನು ಸೊಸೆಯಾಗಿ ಬಂದಾಗಿನಿಂದ ಅದರಲ್ಲಿ ಪಾರಿವಾಳ ಬಿಟ್ಟರೆ ಏನೂ ಕಂಡಿರಲಿಲ್ಲ. ಎರಡು ಮಳೆಗಾಲ ಒಂದರ ಹಿಂದೊಂದು ಚೆನ್ನಾಗಿ ಹಿಡಿದು, ಕೆರೆ ತುಂಬಿ, ಒಂದು ದಿನ ಬಾವಿಯ ತಳದಲ್ಲಿ ಆಕಾಶ ಕಂಡಿತು. ಇವರು ಮಕ್ಕಳ ಹಾಗೆ ಕೂಗಿಕೊಂಡು ಬಂದರು. ಅವತ್ತಿನಿಂದ ಮನೆಯ ಫಿಲ್ಟರ್ ನೀರು ಮುಟ್ಟಲಿಲ್ಲ. ಬೆಳಗ್ಗೆ ಎದ್ದರೆ ಒಂದು ಬಿಂದಿಗೆ ಬಾವಿ ನೀರು ಅವರೇ ಸೇದಿ ತರಬೇಕು, ಅದನ್ನೇ ಕುಡಿಯಬೇಕು.

ಮುಂದಿನ ವರ್ಷದ ಮಳೆಗೆ ನೀರಿನ ಮೇಲೆ ಬಣ್ಣ ತೇಲಿತು. ತೆಳ್ಳನೆಯ ಪೊರೆ, ಬಿಸಿಲಿಗೆ ನೀಲಿ ಕೆಂಪು. ಬಿಂದಿಗೆಯ ಅಂಚಿಗೆ ಕೈಯಾಡಿಸಿದರೆ ಜಿಡ್ಡು. ಅವರು ಮೂಸಿದರು, ಮುಖ ಬಿಳಿಚಿತು. ಆ ವಾಸನೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಮ್ಮ ಅಂಗಳದ್ದೇ ಕಣೇ. ಎಲ್ಲೋ ಒಂದು ಕಡೆ ಬಿಟ್ಟಿದ್ದೀನಿ."

"ಅಂಗಳ ಎಲ್ಲಿ, ಬಾವಿ ಎಲ್ಲಿ! ಸುಮ್ನಿರ್ರೀ" ಅಂದೆ. ಕೇಳಬೇಕಲ್ಲ. ಗಾಡಿ ನಿಲ್ಲುವ ಜಾಗದ ಮಣ್ಣನ್ನು ಅಗೆದು ಗೋಣಿಗೆ ತುಂಬಿ ಕೊಟ್ಟಿಗೆಯಲ್ಲಿ ಒಟ್ಟಿದರು. ಮತ್ತೆ ಮಳೆ ಬಂತು, ಮತ್ತೆ ಪೊರೆ ಬಂತು. ಮತ್ತೆ ಅಗೆದರು. ಊಟ ಸೇರದಾಯಿತು. ಹಳೆಯ ಬೆಳೆಯ ಗುಂಡಿಯ ಮಾತು, ಎಂದೂ ಎತ್ತದವರು, ಎತ್ತತೊಡಗಿದರು. ಒಂದು ಬೆಳಗ್ಗೆ ಅಗೆಯುತ್ತಿದ್ದವರು ಹಾರೆಯ ಮೇಲೇ ಒರಗಿದರು. ಲಕ್ವ. ಬಲಗೈ, ಬಲಗಾಲು, ಅರ್ಧ ಮಾತು ಹೋದವು.

ಗಾಡಿಯನ್ನು ಮಾರಿದೆವು. ಕೊಟ್ಟಿಗೆಯಲ್ಲಿ ಹಸಿರು ಅಂಚು ಕಟ್ಟಿದ ಎರಡು ಕ್ಯಾನು ಉಳಿದಿದ್ದವು. ಅವರಿಗೆ ಅದೊಂದೇ ಧ್ಯಾನ. ಕಿಟಕಿಯ ಪಕ್ಕದ ಮಂಚದಿಂದ ಎಡಗೈ ಎತ್ತಿ ತೋರಿಸುವರು, "ಕೊಟ್... ಕೊಟ್ಟು ಬಾ." ಹೆಗ್ಗಣ ಕಡಿದು ತೂತು ಮಾಡೀತು ಅನ್ನುವ ಭಯ. ಕೊನೆಗೆ ಊರಿನ ಗೂಡ್ಸ್ ಆಟೋದಲ್ಲಿ ಕ್ಯಾನು ಕಾಲಸಂದಿಯಲ್ಲಿಟ್ಟುಕೊಂಡು ನಾನೇ ಚಿಕ್ಕಬಳ್ಳಾಪುರಕ್ಕೆ ಹೊರಟೆ.

ಅಂಗಡಿಯವನು ಒಳ್ಳೆಯ ಮನುಷ್ಯ. ಕುರ್ಚಿ ಹಾಕಿದ, ಇವರಿಗೆ ಹೀಗಾಯಿತು ಅಂದಾಗ ತಲೆಯ ಮೇಲೆ ಕೈ ಇಟ್ಟುಕೊಂಡ. ನಾನು ಮಾತಿಗೆ ಮಾತು ಅಂತ ಕೇಳಿದೆ, ಫ್ಯಾಕ್ಟರಿಯವರು ಯಾವಾಗ ಬಂದು ಒಯ್ಯುತ್ತಾರೆ ಅಂತ.

"ಫ್ಯಾಕ್ಟರಿನೋರು ಬರೋದು ಬಿಟ್ಟು ಎಷ್ಟೋ ಕಾಲ ಆಯ್ತಮ್ಮ. ಅವ್ರಿಗೆ ಲೋಡುಗಟ್ಟಲೆ ಬೇಕು. ಈಗ ರೈತರೇ ತಗೊಂಡು ಹೋಗ್ತಾರೆ. ಮೀ ಊರೋಡೇ, ನಿಮ್ಮೂರೋರೇ ಒಬ್ರು ಇದಾರಲ್ಲ, ನಿಮ್ಮೋರ ಕ್ಯಾನ್ ಬಂದ್ರೆ ನಂಗೇ ಇಡಪ್ಪ ಅಂತಾರೆ. ಸೋಸಿರುತ್ತಲ್ಲ, ಚೆನ್ನಾಗಿ ಹರಿಯುತ್ತೆ."

ಯಾರು ಅಂತ ಕೇಳಿದೆ. ಕೇಳಬಾರದಿತ್ತು. ಅವನು ಹೇಳಿದ ಚಹರೆ ನನ್ನ ಭಾವನದು, ಇವರ ಸ್ವಂತ ಅಣ್ಣನದು. ಅವರ ತೋಟ ನಮ್ಮದರ ಮೇಲುಗಡೆ, ನಡುವೆ ಒಂದು ಬದು, ಬದುವಿನ ಕೆಳಗೇ ನಮ್ಮ ಬಾವಿ.

ಎರಡು ಕ್ಯಾನನ್ನೂ ಎತ್ತಿಕೊಂಡು ವಾಪಸ್ ಬಂದೆ. ಅವನು ಏನೋ ತಪ್ಪಾಯಿತೇನೋ ಅಂತ ಹಿಂದೆ ಹಿಂದೆ ಬಂದ. 

ಮನೆಗೂ ಹೋಗದೆ ನೇರ ಭಾವನ ತೋಟಕ್ಕೆ ಹೋದೆ. ಪಂಪು ಮನೆಯ ಹಿಂದೆ ಖಾಲಿ ಕ್ಯಾನುಗಳ ಸಾಲು. ಬೇರೆ ಬೇರೆಯವೂ ಇದ್ದವು, ಇಲ್ಲ ಅನ್ನುವುದಿಲ್ಲ. ನಮ್ಮವು ಕತ್ತಿನ ಹಸಿರು ಅಂಚಿನಿಂದಲೇ ಗೊತ್ತಾಗುತ್ತಿದ್ದವು. ಬದುವಿನ ಉದ್ದಕ್ಕೂ ಬೇಲಿಯ ಮರದ ಗೂಟಗಳು ಬುಡದಲ್ಲಿ ಕಪ್ಪಗೆ ಮಿರಿಮಿರಿ ಮಿನುಗುತ್ತಿದ್ದವು. ಗೂಟದ ಸುತ್ತ ಹುಲ್ಲು ಒಂದು ಎಸಳೂ ಇರಲಿಲ್ಲ. ಒಂದು ಹಿಡಿ ಮಣ್ಣೆತ್ತಿ ಮೂಸಿದೆ, ಅದೇ ವಾಸನೆ.

ಭಾವ ಸೊಪ್ಪು ಕೊಯ್ಯುತ್ತಿದ್ದವರು ಬಂದರು. ನಾನು ಏನು ಕಿರುಚಿದೆನೋ ನೆನಪಿಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ.

"ಗೆದ್ದಲು ತಿಂದು ಹಾಕ್ತಿತ್ತಮ್ಮ ಗೂಟನೆಲ್ಲ. ವರ್ಷಕ್ಕೊಂದು ಸಲ ಸುರೀತೀನಿ. ಎಲ್ರೂ ಸುರೀತಾರೆ. ಅವ್ನನ್ನ ಕೇಳಿದ್ರೆ ಕೊಡಲ್ಲ, ಅದ್ಕೆ ಅಲ್ಲಿಂದ ತರ್ತಿದ್ದೆ. ನಾನೇನು ಬೇಕಂತ ವಿಷ ಹಾಕ್ದೆನಾ?"

ಬೇಕಂತ ಹಾಕಿದ್ದರೆ ಶಾಪ ಹಾಕಿ ಹಗುರಾಗುತ್ತಿದ್ದೆ. ತಮ್ಮ ಬಿದ್ದ ದಿನ ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಒಯ್ದವರು ಇದೇ ಭಾವ. ಇನ್ನು ಸುರಿಯುವುದಿಲ್ಲ ಅಂದರು, ಸುರಿಯಲೂ ಇಲ್ಲ. ಆದರೆ ಇಂಗಿದ್ದು ಇಂಗಿತ್ತು. ಇವರು ಕಣ್ಣಲ್ಲಿ ಕಣ್ಣಿಟ್ಟು ಹಿಡಿದ, ಊರಿಗೆಲ್ಲ ಜಿಪುಣನಾಗಿ ಉಳಿಸಿದ ಆಯಿಲ್ಲು ಚಿಕ್ಕಬಳ್ಳಾಪುರ ನೋಡಿಕೊಂಡು ನಮ್ಮ ಬಾವಿಗೇ ಬಂದಿತ್ತು. ಉದಾಸೀನ ಮಾಡಿ ಎಲ್ಲರ ಹಾಗೆ ರಸ್ತೆಯ ಪಕ್ಕಕ್ಕೆ ಚೆಲ್ಲಿದ್ದರೆ ಬಹುಶಃ ಅಲ್ಲಿಗೆ ಬರುತ್ತಲೇ ಇರಲಿಲ್ಲ. 

ಕ್ಯಾನುಗಳನ್ನು ಈಗ ಹುಳುವಿಲ್ಲದೆ ಖಾಲಿ ಬಿದ್ದ ಹುಳುಮನೆಯ ಅಟ್ಟದ ಮೇಲೆ ಬಚ್ಚಿಟ್ಟೆ. ಅವರು ಅಲ್ಲಿಯವರೆಗೆ ನಡೆದು ಬರುವುದಿಲ್ಲ. ಒಳಗೆ ಹೋದಾಗ ಕಾಯುತ್ತಾ ಮಲಗಿದ್ದರು.

"ಕೊಟ್ಯಾ?"

"ಕೊಟ್ಟೆ ಕಣ್ರೀ."

"ಏನಂದ?"

ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ನಿಜ ಹೇಳಿದರೆ ಅಂಗಳ ಅಗೆದದ್ದು ದಂಡ, ಅವರು ಎಲ್ಲೂ ಒಂದು ತೊಟ್ಟು ಬಿಟ್ಟಿರಲಿಲ್ಲ ಅಂತ ಗೊತ್ತಾಗುತ್ತಿತ್ತು. ಅದರ ಜೊತೆಗೇ ಇನ್ನೊಂದೂ ಗೊತ್ತಾಗುತ್ತಿತ್ತು. ಒಂದನ್ನು ಹೇಳಿ ಇನ್ನೊಂದನ್ನು ಹೇಳದಿರುವ ದಾರಿ ನನಗೆ ಹೊಳೆಯಲಿಲ್ಲ.

"ಫ್ಯಾಕ್ಟರಿಗೆ ಹೋಗುತ್ತಂತೆ. ಕ್ಲೀನ್ ಮಾಡಿ ಮತ್ತೆ ಆಯಿಲ್ಲೇ ಮಾಡ್ತಾರಂತೆ" ಅಂದೆ.

ಅವರ ಮುಖ ಒಂದು ಗಳಿಗೆ ಅರಳಿತು.  ಅಷ್ಟರಲ್ಲಿ ಮತ್ತೆ ಮುದುಡಿತು, ಸರಿಯಾಗಿರುವ ಕಣ್ಣಲ್ಲಿ ನೀರು ತುಂಬಿತು.

"ಹಂಗಾದ್ರೆ... ಬಾವೀದು ನನ್ನ ಅಂಗಳದ್ದೇ."

ಕುಡಿಯಲು ನೀರು ಕೇಳಿದರು, ಪೊರೆ ಕಟ್ಟಿದರೂ ಬಾವಿಯದೇ ಬೇಕು ಅವರಿಗೆ. ಬಾವಿಯದು ಅಂತ ಹೇಳಿ ಫಿಲ್ಟರ್ ನೀರು ಕೊಟ್ಟೆ. ಅರ್ಧ ಕುಡಿದು, ಲೋಟದೊಳಗೆ ಬಹಳ ಹೊತ್ತು ನೋಡಿದರು.

ಈಗ ದಿನಾ ಬೆಳಗ್ಗೆ ಕಾಫಿಯಾದ ಮೇಲೆ ನಾನು ಹಾರೆ ಹಿಡಿದು ಅಂಗಳಕ್ಕೆ ಇಳಿಯುತ್ತೇನೆ. ಅವರು ಕಿಟಕಿಯಿಂದ ಎಡಗೈಯಲ್ಲಿ ತೋರಿಸುತ್ತಾರೆ, ಇನ್ನೂ ಆಚೆ, ಇನ್ನೂ ಸ್ವಲ್ಪ ಆಳ. ಬರುವುದೆಲ್ಲ ಒಳ್ಳೆಯ ಕೆಮ್ಮಣ್ಣು. ಒಂದು ಹಿಡಿ ಎತ್ತಿ ಅವರ ಮುಂದೆ ಮೂಸಿ, "ಹೌದು ರೀ, ಇಲ್ಲಿ ಸ್ವಲ್ಪ ಇದೆ" ಅನ್ನುತ್ತೇನೆ, ಬುಟ್ಟಿಗೆ ತುಂಬುತ್ತೇನೆ.