ತಗೊಂಡೆ ಅಂದ ಮೇಲೆ

ಊರಿನಲ್ಲಿ ವಯಸ್ಸಾದವರು ಬಾಯಿ ತುಂಬಾ ನಗುತ್ತಿದ್ದರೆ ಆ ನಗುವಿನಲ್ಲಿ ಅರ್ಧ ನಮ್ಮ ದೊಡ್ಡಮ್ಮನದು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿಯಬೇಕು, ಮೇಣದಲ್ಲಿ ಒಸಡು ಮಾಡಬೇಕು, ಅದರಲ್ಲಿ ಒಂದೊಂದೇ ಹಲ್ಲು ನೆಟ್ಟಗೆ ನಿಲ್ಲಿಸಬೇಕು. ಊರಿಗೆಲ್ಲ ಹಲ್ಲು ಕೊಟ್ಟವಳು ತಾನು ಮಾತ್ರ ಹಲ್ಲು ಕಾಣುವಂತೆ ನಕ್ಕಿದ್ದು ಕಡಿಮೆ. ಸಂಜೆ ಮನೆಗೆ ಬಂದು, ಉಗುರು ಸಂದಿಯ ಪ್ಲಾಸ್ಟರ್ ಪುಡಿ ತೊಳೆದು, ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಾಗ ನೋಡಬೇಕಿತ್ತು ಅವಳ ಮುಖ.

ಅದೊಂದು ಆಟ. ವಿಮಾನ ಹಾರಿಸುವ ಆಟ ಎಲ್ಲರಿಗೂ ಗೊತ್ತು. ಇದು ಹಾರುವ ವಿಮಾನಗಳು ಒಂದಕ್ಕೊಂದು ಗುದ್ದಿಕೊಳ್ಳದಂತೆ ಕಾಯುವ ಆಟ. ಕಪ್ಪು ಪರದೆ, ಅದರ ಮೇಲೆ ಹಸಿರು ಚುಕ್ಕೆಗಳು, ಚುಕ್ಕೆಯ ಪಕ್ಕದಲ್ಲಿ ಅದರ ಎತ್ತರ, ವೇಗ. ಯಾರು ಮೊದಲು ಇಳಿಯಬೇಕು, ಯಾರು ಸುತ್ತು ಹೊಡೆಯುತ್ತಾ ಕಾಯಬೇಕು ಎಂದು ಕೂತವರು ಹೇಳಬೇಕು. ಲ್ಯಾಬಿನ ಯಜಮಾನರು ಬೇಡವೆಂದು ಕೊಟ್ಟ ಹಳೆಯ ಕಂಪ್ಯೂಟರಿನೊಳಗೆ ಈ ಆಟವೂ ಕೂತುಕೊಂಡೇ ಬಂದಿತ್ತು. ಮೊದಮೊದಲು ಯಂತ್ರದ ವಿಮಾನಗಳ ಜೊತೆ ಒಬ್ಬಳೇ ಆಡಿದಳು. ಆಮೇಲೆ ಇಂಟರ್ನೆಟ್ಟಿನಲ್ಲಿ ಒಂದು ಕ್ಲಬ್ ಸಿಕ್ಕಿತು. ಎಲ್ಲೆಲ್ಲೋ ಮನೆಗಳಲ್ಲಿ ಕೂತ ಜನ, ಕೆಲವರು ಪೈಲಟ್‌ಗಳು, ಕೆಲವರು ಕಂಟ್ರೋಲರ್‌ಗಳು, ಎಲ್ಲರದೂ ಹೆಡ್‌ಫೋನಿನಲ್ಲೇ ಮಾತು.

ಅವಳು ಒಮ್ಮೆಯೂ ವಿಮಾನ ಹತ್ತಿದವಳಲ್ಲ. “ಹತ್ತಬೇಕು ಅನ್ಸಲ್ವಾ ದೊಡ್ಡಮ್ಮ?” ಅಂತ ಕೇಳಿದರೆ, “ಹತ್ತಿದ್ರೆ ಒಂದು ವಿಮಾನ ಕಣೇ. ಇಲ್ಲಿ ಕೂತ್ರೆ ಅಷ್ಟೂ ನಂದೇ” ಅನ್ನುತ್ತಿದ್ದಳು.

ಅಮ್ಮನಿಗೆ ಈ ಹುಚ್ಚು ಹಿಡಿಸಿದವಳೂ ದೊಡ್ಡಮ್ಮನೇ. ಅಮ್ಮ ಅವಳ ತಂಗಿ. ಅಜ್ಜಿ ಬೇಗ ತೀರಿಕೊಂಡದ್ದರಿಂದ ತಂಗಿಗೆ ತಲೆ ಬಾಚಿದ್ದು, ಅಕ್ಷರ ತಿದ್ದಿಸಿದ್ದು, ಮದುವೆ ಮಾಡಿಸಿದ್ದು ಎಲ್ಲ ಅಕ್ಕನೇ. ತಾನು ಮಾತ್ರ ಮದುವೆಯ ಗೋಜಿಗೆ ಹೋಗಲಿಲ್ಲ. ಅಪ್ಪ ಹೋದ ಮೇಲೆ ನಮ್ಮನ್ನು ತನ್ನ ಮನೆಗೇ ಕರೆದುಕೊಂಡಳು. ಅಮ್ಮ ಮಂಕಾಗಿ ಗೋಡೆ ನೋಡುತ್ತಾ ಕೂರುತ್ತಿದ್ದ ಕಾಲ ಅದು. ಪಕ್ಕದ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರ್ ಇಟ್ಟು, “ಬಾ, ನನಗೊಬ್ಳು ಜೊತೆ ಬೇಕು” ಅಂದಳು. ಅಮ್ಮ ಚಿಗುರಿಕೊಂಡದ್ದು ಆ ಕುರ್ಚಿಯಲ್ಲಿ. ಇದನ್ನು ಮರೆಯಬಾರದು ಅಂತಲೇ ಮೊದಲು ಹೇಳುತ್ತಿದ್ದೇನೆ.

ದೊಡ್ಡಮ್ಮ ಟವರ್‌ನಲ್ಲಿ, ಅಂದರೆ ರನ್‌ವೇ ಮೇಲಿರುವುದೆಲ್ಲ ಅವಳದು. ಅಮ್ಮ ಅಪ್ರೋಚ್‌ನಲ್ಲಿ, ಸುತ್ತಲಿನ ಆಕಾಶ ಅವಳದು. ವಿಮಾನ ನೆಲ ಬಿಟ್ಟು ಮೇಲೇರಿದಾಗ ದೊಡ್ಡಮ್ಮ “ಕೊಟ್ಟೆ” ಅನ್ನಬೇಕು, ಅಮ್ಮ “ತಗೊಂಡೆ” ಅನ್ನಬೇಕು. ತಗೊಂಡೆ ಅನ್ನುವವರೆಗೂ ಅದು ಕೊಟ್ಟವಳ ತಲೆಯ ಮೇಲೆ. ಅಂದ ಮೇಲೆ ಕೊಟ್ಟವಳು ಅದರತ್ತ ತಿರುಗಿ ನೋಡುವಂತಿಲ್ಲ. ಈ ಮಾತು ಹೆಡ್‌ಫೋನಿನ ಲೈನಿನಲ್ಲೇ ಆಗಬೇಕು, ಕ್ಲಬ್ಬಿನವರು ಎಲ್ಲವನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ಬೇರೆ ಸಾಕ್ಷಿ ಇಲ್ಲ, ಪರದೆ ಮೇಲೆ ಏನೂ ಮೂಡುವುದಿಲ್ಲ. ಆದರೆ ಒಂದೇ ಮನೆಯ ಅಕ್ಕತಂಗಿಗೆ ಲೈನು ಯಾಕೆ? ಎರಡು ಕೋಣೆಗಳ ನಡುವೆ ಬಾಗಿಲು ತೆರೆದೇ ಇರುತ್ತಿತ್ತು. ಗುಂಡಿ ಒತ್ತುವ ಬದಲು ಇಬ್ಬರೂ ಅಲ್ಲಿಂದಲೇ ಕೂಗಿಕೊಳ್ಳುತ್ತಿದ್ದರು. ಇಂಥ ತಪ್ಪು ಮಾಡಲು ಮನೆಯವರೇ ಆಗಿರಬೇಕು.

ಕ್ಲಬ್ಬಿನಲ್ಲಿ ಎಲ್ಲಕ್ಕಿಂತ ದೊಡ್ಡ ವಿಮಾನ ನಿಲ್ದಾಣದ ಟವರ್ ಕುರ್ಚಿ ಸಿಗಬೇಕಾದರೆ ಪರೀಕ್ಷೆ ಪಾಸಾಗಬೇಕು; ಪಾಸಾದವರು ಸರದಿಯ ಮೇಲೆ ಅದರಲ್ಲಿ ಕೂರುತ್ತಾರೆ. ಪರೀಕ್ಷೆ ಮಾಡುವವರನ್ನು ಯಾರೂ ನೋಡಿರಲಿಲ್ಲ, ಗೊಗ್ಗರು ಗಂಟಲು ಮಾತ್ರ ಪರಿಚಯ. ಹಾಗಾಗಿ ನಮ್ಮ ಮನೆಯಲ್ಲಿ ಅವರಿಗೆ ಗಂಟಲಯ್ಯ ಅಂತ ಹೆಸರು. ದೊಡ್ಡಮ್ಮ ಆ ಕುರ್ಚಿಗಾಗಿ ವರ್ಷಗಟ್ಟಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಜೀವನದಲ್ಲಿ ತನಗಾಗಿ ಅವಳು ಬಾಯಿಬಿಟ್ಟು ಬೇಕು ಅಂದದ್ದು ಅದೊಂದನ್ನೇ.

ಪರೀಕ್ಷೆ ಒಂದು ಭಾನುವಾರ ಮಧ್ಯಾಹ್ನ. ನಾನು ನಡುಬಾಗಿಲ ಹೊಸ್ತಿಲ ಮೇಲೆ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದೆ. ಪರದೆಯ ತುಂಬಾ ಚುಕ್ಕೆಗಳು. ದೊಡ್ಡಮ್ಮ ನೀರು ಕುಡಿದಷ್ಟು ಸಲೀಸಾಗಿ ಒಂದರ ಹಿಂದೊಂದು ಇಳಿಸುತ್ತಿದ್ದಳು, ಏರಿಸುತ್ತಿದ್ದಳು. ಅಮ್ಮ ಈ ಕಡೆ ಯಾರೋ ಪೈಲಟ್ ಜೊತೆ ಹರಟುತ್ತಿದ್ದಳು, ಅವನು ಏನೋ ತಮಾಷೆ ಮಾಡಿರಬೇಕು, ಕಿಸಕ್ಕನೆ ನಕ್ಕಳು. ದೊಡ್ಡಮ್ಮ “ಕೊಟ್ಟೆ” ಅಂದಳು. ಅಮ್ಮ ನಗುತ್ತಲೇ “ತಗೊಂಡೆ” ಅಂದಳು. ನನ್ನ ಎರಡೂ ಕಿವಿಯಲ್ಲಿ ಕೇಳಿದ್ದೇನೆ.

ತಗೊಳ್ಳಲಿಲ್ಲ. ಆ ವಿಮಾನಕ್ಕೆ ಯಾರೂ ಏನೂ ಹೇಳಲಿಲ್ಲ, ಅದು ನೆಟ್ಟಗೆ ಹೋಗಿ ಎದುರಿನಿಂದ ಇಳಿಯುತ್ತಿದ್ದ ಇನ್ನೊಂದಕ್ಕೆ ಗುದ್ದಿತು. ಎರಡು ಹಸಿರು ಚುಕ್ಕೆಗಳು ಕೆಂಪಾಗಿ ನಿಂತವು.

ನಾನು ಕೇಳಲೆಂದು ದೊಡ್ಡಮ್ಮ ಹಾಕಿಟ್ಟಿದ್ದ ಸ್ಪೀಕರಿನಲ್ಲಿ ಗಂಟಲಯ್ಯ ಕೇಳಿದರು, “ಟವರ್, ವಿಮಾನ ಒಪ್ಪಿಸಿದ್ರಾ?”

“ಒಪ್ಪಿಸ್ದೆ, ಸಾರ್.”

“ಲೈನಲ್ಲಿ ಏನೂ ಇಲ್ವಲ್ಲ. ಅಪ್ರೋಚ್, ನೀವು ತಗೊಂಡೆ ಅಂದ್ರಾ?”

ಅಮ್ಮ ತಿರುಗಿ ಬಾಗಿಲಿನತ್ತ ನೋಡಿದಳು. ತನ್ನ ಕುರ್ಚಿ ಹೋಗುತ್ತದೆ ಅಂತ ಗೊತ್ತಾಗಿತ್ತು, ಮುಖ ಬಿಳಿಚಿಕೊಂಡಿತ್ತು. ಮತ್ತೆ ಪರದೆಯತ್ತ ತಿರುಗಿ, “ಇಲ್ಲ ಸಾರ್. ನನಗೆ ಕೊಡ್ಲೇ ಇಲ್ಲ” ಅಂದಳು.

ನಾನು ಬಟ್ಟೆ ಬಿಸಾಡಿ ಎದ್ದೆ. ದೊಡ್ಡಮ್ಮನ ಹೆಡ್‌ಫೋನಿನ ಮೈಕಿಗೆ ಬಾಯಿ ಹಾಕಿ ಸತ್ಯ ಹೇಳಿಬಿಡೋಣ ಅಂತ ಓಡಿದರೆ ಅವಳು ಮೈಕನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ನನ್ನನ್ನು ನೋಡಿ ತಲೆಯಾಡಿಸಿದಳು. ಆಮೇಲೆ ಕೈ ತೆಗೆದು, “ತಪ್ಪು ನಂದೇ ಸಾರ್” ಅಂದಳು.

“ಯಾಕೆ ಹಾಗಂದೆ?” ಅಂತ ಜಗಳಕ್ಕೆ ನಿಂತೆ.

“ಅಷ್ಟು ಜನದ ಮುಂದೆ ಅವಳನ್ನ ಸುಳ್ಳಿ ಅನ್ಲಾ? ನಾನು ಎತ್ತಿ ಆಡಿಸಿದ ಕೂಸು ಕಣೇ ಅದು.”

ಅಮ್ಮನನ್ನು ಬಿಡಲಿಲ್ಲ ನಾನು. ಅವಳ ಉತ್ತರ, “ಆಟ ಕಣೇ! ಯಾರಾದ್ರೂ ಸತ್ರಾ? ಅಕ್ಕ ಮುಂದಿನ ಸಲ ಪಾಸಾಗ್ತಾಳೆ.” ಹೌದು, ಯಾರೂ ಸಾಯಲಿಲ್ಲ. ಕ್ಲಬ್ಬಿನ ಪುಟದಲ್ಲಿ ದೊಡ್ಡಮ್ಮನ ಹೆಸರಿನ ಮುಂದೆ ‘ಒಪ್ಪಿಸದೆ ಕೈಬಿಟ್ಟವರು’ ಅಂತ ಬಂತು, ಅಷ್ಟೇ. ಕಂಟ್ರೋಲರ್‌ಗಳ ನಡುವೆ ಅದಕ್ಕಿಂತ ಕೀಳು ಬೈಗುಳ ಇಲ್ಲ. ಹೆತ್ತ ತಾಯಿ ಅಂತ ಅಮ್ಮನ ಪರ ಮಾತಾಡಲು ನನಗೆ ಇವತ್ತಿಗೂ ನಾಲಿಗೆ ಬರುವುದಿಲ್ಲ. ಸುಳ್ಳು ಹೇಳಿದಳು ಅನ್ನುವುದಕ್ಕಿಂತ, ಅಕ್ಕ ಬಾಯಿ ಬಿಡುವುದಿಲ್ಲ ಅಂತ ಲೆಕ್ಕ ಹಾಕಿಯೇ ಹೇಳಿದಳಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಅವತ್ತು ರಾತ್ರಿ ದೊಡ್ಡಮ್ಮ ನಡುಬಾಗಿಲು ಹಾಕಿದಳು. ಜಗಳವಿಲ್ಲ, ಮುನಿಸಿಲ್ಲ; ಊಟಕ್ಕೆ ಬರುತ್ತಿದ್ದಳು, ಬೇಕಾದ್ದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಕುರ್ಚಿಯಲ್ಲಿ ಕೂರುವುದನ್ನು ಮಾತ್ರ ಬಿಟ್ಟಳು. ಲ್ಯಾಬಿನಿಂದ ಬಂದರೆ ಕಿಟಕಿ ಹತ್ತಿರ ಕೂತು ಬೀದಿ ನೋಡುವಳು.

ಅಮ್ಮ ಮುಂದಿನ ಬೇಸಿಗೆಯಲ್ಲಿ ಆ ಪರೀಕ್ಷೆ ಬರೆದು, ಅಲ್ಲ, ಪರೀಕ್ಷೆಗೆ ಕೂತು, ದೊಡ್ಡ ನಿಲ್ದಾಣದ ಟವರ್ ಪಡೆದಳು. ಗಂಟಲಯ್ಯ ವಯಸ್ಸಾಯಿತೆಂದು ಬಿಟ್ಟಾಗ ಪರೀಕ್ಷೆ ಮಾಡುವ ಕೆಲಸವೂ ಅವಳಿಗೇ ಬಂತು. ಒಂದು ದಿನ ಕಿಟಕಿ ಹತ್ತಿರ ಹೋಗಿ ಬೆಣ್ಣೆಯಂಥ ದನಿಯಲ್ಲಿ, “ಅಕ್ಕಾ, ಈಗ ಪರೀಕ್ಷೆಗೆ ಕೂತ್ಕೋ. ನಾನಿದೀನಲ್ಲ, ಪಾಸ್ ಮಾಡಿಸ್ತೀನಿ” ಅಂದಳು.

ದೊಡ್ಡಮ್ಮ ಬೀದಿಯಿಂದ ಕಣ್ಣು ತೆಗೆದು ಅವಳತ್ತ ತಿರುಗಿದಳು. “ನೀನೇನೂ ಮಾಡಿಸ್ಬೇಡ. ಕೂರ್ತೀನಿ. ಬಾಗಿಲು ಮಾತ್ರ ಹಾಕಿರತ್ತೆ.”

ಪರೀಕ್ಷೆ ಮಾಡುವವಳೂ ಅಮ್ಮ, ಅಪ್ರೋಚ್‌ನಲ್ಲಿ ಕೂತವಳೂ ಅಮ್ಮ. ಕ್ಲಬ್ಬಿನ ಅರ್ಧ ಜನ ಕೇಳಲು ಸೇರಿದ್ದರು. ನಾನು ಅಮ್ಮನ ಪಕ್ಕ ಸ್ಪೀಕರ್ ಹಾಕಿಕೊಂಡು ಕೂತೆ. ದೊಡ್ಡಮ್ಮನ ಕೈ ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಆದರೆ ಪ್ರತಿ ವಿಮಾನ ಒಪ್ಪಿಸುವಾಗಲೂ ಅಮ್ಮ “ತಗೊಂಡೆ” ಅಂದ ಮೇಲೆ ಲೈನಿನಲ್ಲಿ ಅವಳ ದನಿ ಬರುತ್ತಿತ್ತು: “ಅಪ್ರೋಚ್, ಇನ್ನೊಂದ್ಸಲ ಹೇಳಿ.” ಅಮ್ಮ ಮತ್ತೆ ಹೇಳಬೇಕು. ತಂಗಿಗೆ ‘ಹೇಳಿ’ ಅಂತ ಬಹುವಚನ! ಕೇಳುವವರಿಗೆ ಅದು ಶಿಸ್ತು. ಅಮ್ಮನ ಕಿವಿ ಮಾತ್ರ ಕೆಂಪಗಾಗುತ್ತಾ ಹೋಯಿತು.

ಒಂದು ತಪ್ಪೂ ಇಲ್ಲದೆ ಮುಗಿಯಿತು. ಕುರ್ಚಿ ದೊಡ್ಡಮ್ಮನದಾಯಿತು. ಲೈನಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅಮ್ಮ ಹೆಡ್‌ಫೋನ್ ಕಿತ್ತಿಟ್ಟು ಓಡಿಹೋಗಿ ನಡುಬಾಗಿಲು ಬಡಿದಳು.

“ಅಕ್ಕಾ, ತೆಗಿ! ಆಗಿದ್ದೆಲ್ಲ ಆಗೋಯ್ತು, ಈಗ ಎಲ್ಲ ಸರಿಹೋಯ್ತಲ್ಲ!”

ಒಳಗಿನಿಂದ ದೊಡ್ಡಮ್ಮ ಅಂದಳು, “ಏನು ಹೇಳೋದಿದ್ರೂ ಲೈನಲ್ಲಿ ಹೇಳು. ಎಲ್ಲರೂ ಇದಾರೆ. ರೆಕಾರ್ಡ್ ಆಗ್ತಿದೆ.”

ಅಮ್ಮನಿಗೆ ಅರ್ಥವಾಯಿತು, ನನಗೂ ಆಯಿತು. ವಾಪಸು ಬಂದು ಕೂತು ಹೆಡ್‌ಫೋನ್ ಹಾಕಿಕೊಂಡಳು. ಗುಂಡಿಯ ಮೇಲೆ ಬೆರಳಿಟ್ಟಳು. ಚಪ್ಪಾಳೆ ನಿಂತಿತು, ಪರೀಕ್ಷೆ ಮಾಡಿದವರು ಏನು ಹೇಳುತ್ತಾರೋ ಅಂತ ಎಲ್ಲರೂ ಕಾದರು. ಹೇಳಮ್ಮ, ಅವತ್ತು ತಗೊಂಡೆ ಅಂದಿದ್ದೆ ಅಂತ ಒಂದೇ ಒಂದು ವಾಕ್ಯ, ಹೇಳಿಬಿಡು ಅಂತ ನಾನು ಅವಳ ಭುಜ ಹಿಡಿದುಕೊಂಡೆ. ಅವಳ ತುಟಿಗಳು ಅಲುಗಿದವು. ಗುಂಡಿ ಒತ್ತಿದಳು.

“ಅಕ್ಕಾ,” ಅಂದಳು, “ಊಟ ಆರ್ತಿದೆ. ಬಾ.”

ಉತ್ತರವೂ ಲೈನಿನಲ್ಲೇ ಬಂತು.

“ಕೇಳಿಸ್ತು” ಅಂದಳು ದೊಡ್ಡಮ್ಮ.