ಬಂದೂಕು ಹೋಯಿತು, ಚಿಲಕ ಉಳಿಯಿತು

“ಅಕ್ಕಿ ಇಲ್ಲ. ಇಲ್ಲಿಗೆ ಯಾರೂ ಬರುವುದಿಲ್ಲ. ನಮಗೆ ಎಂತದೂ ಗೊತ್ತಿಲ್ಲ.”

ನಾವು ಏನನ್ನೂ ಕೇಳಿಯೇ ಇರಲಿಲ್ಲ! ಅಂಗಳದಲ್ಲಿ ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ಮುಚ್ಚಿದ ಬಾಗಿಲಿನ ಪಕ್ಕದ ಕಿಟಕಿಯಿಂದ ಉತ್ತರಗಳೆಲ್ಲ ಒಟ್ಟಿಗೆ ಬಂದವು.

ಕಳೆದ ಭಾನುವಾರದ ಮಾತು. ಕಾರ್ಕಳದಿಂದ ಘಟ್ಟದ ಕಡೆಗೆ, ಕಾಡಂಚಿನ ಒಂದು ಮನೆ. ನನ್ನ ಜೊತೆ ಇದ್ದವಳು ಲಿಂತೋಯಿ. ಹಿಡಿದುಕೊಂಡ ನನ್ನ ಭುಜಕ್ಕೆ ಮಣಿಪಾಲದಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಊರು ಮಣಿಪುರ. (“ಮಣಿಪಾಲ ಅಲ್ವಾ?” ಎಂದು ದಿನಾ ಯಾರಾದರೂ ಅವಳನ್ನು ತಿದ್ದುತ್ತಾರಂತೆ.) ಅಲ್ಲಿ ಎರಡು ಸಮುದಾಯಗಳ ನಡುವಿನ ಗಲಭೆಯಲ್ಲಿ ಅವಳ ಮನೆ ಸುಟ್ಟುಹೋಗಿದೆ. ಅಪ್ಪ, ಅಮ್ಮ ಇನ್ನೂ ಪರಿಹಾರ ಶಿಬಿರದಲ್ಲಿದ್ದಾರೆ.

ನನ್ನ ಕೈ ಎತ್ತಿಸುತ್ತಾ ಒಂದು ದಿನ ಕೇಳಿದಳು: “ಮೇಡಂ, ಕಾರ್ಕಳದ ಕಾಡಲ್ಲಿಯೂ ಬಂದೂಕು ಇತ್ತಂತೆ. ಈಗ ನಿಂತಿದೆಯಂತೆ. ಹೇಗೆ ನಿಂತಿತು?”

ಪೇಪರಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ. ರಸ್ತೆ ಬಂತು. ಕಾಡಿನಲ್ಲಿ ಪೊಲೀಸರ ಕೂಂಬಿಂಗ್ ಬಿಗಿಯಾಯಿತು. ಶರಣಾದವರಿಗೆ ಪ್ಯಾಕೇಜ್ ಸಿಕ್ಕಿತು. ನಕ್ಸಲರ ಕಡೆಗೆ ಹೊಸಬರು ಹೋಗಲಿಲ್ಲ. ಹೇಳುತ್ತಾ ಹೋದಂತೆ ನನಗೇ ಅನುಮಾನ. ಇದನ್ನೆಲ್ಲ ನಮಗೆ ಹೇಳಿದವರು ಯಾರು? ವೇದಿಕೆ ಹತ್ತಿ ಹಾರ ಹಾಕಿಸಿಕೊಂಡವರೇ ಅಲ್ಲವೇ?

“ಅಲ್ಲಿ ಇರುವವರನ್ನೇ ಕೇಳೋಣವಾ?” ಎಂದಳು. ಹಾಗೆ ಹೊರಟದ್ದು. ಆ ಮನೆಯ ರಾಜೀವಿಯಕ್ಕನ ಮಗ ಜಯಂತ ಹಿಂದೆ ನನ್ನ ವಿದ್ಯಾರ್ಥಿ. ಆ ಪರಿಚಯವೊಂದೇ ಧೈರ್ಯ.

“ಅಕ್ಕ, ನಾನು ಜಯಂತನ ಟೀಚರ್!” ಎಂದು ಕಿಟಕಿಯ ಹತ್ತಿರ ಹೋದೆ.

“ಜೊತೆಗೆ ಯಾರು?”

“ಮಣಿಪಾಲದವರು. ಭುಜದ ನೋವಿಗೆ ವ್ಯಾಯಾಮ ಮಾಡಿಸುತ್ತಾರೆ.”

“ಅವರ ಬ್ಯಾಗಲ್ಲಿ ಎಂತ ಉಂಟು?”

ಲಿಂತೋಯಿ ತಾನಾಗಿಯೇ ಬ್ಯಾಗ್ ತೆರೆದು ತೋರಿಸಿದಳು. ನೀರಿನ ಬಾಟಲಿ, ಕೊಡೆ, ಬೇಕರಿಯ ಖಾರ ಬಿಸ್ಕತ್ತು. ಚಿಲಕ ಸರಿಯಿತು. ನನಗೆ ನಾಚಿಕೆ. ಅವಳಿಗೆ ಏನೂ ಇಲ್ಲ. “ನಮ್ಮಲ್ಲಿ ದಾರಿಯುದ್ದಕ್ಕೂ ತೋರಿಸುತ್ತಲೇ ಹೋಗಬೇಕು” ಎಂದಳು.

ಒಳಗೆ ಕೂರಿಸಿ ಚಹಾ ಕೊಟ್ಟ ಮೇಲೆ ರಾಜೀವಿಯಕ್ಕನ ಬಾಯಿ ನಿಧಾನಕ್ಕೆ ತೆರೆಯಿತು. ನನ್ನೊಡನೆ ತುಳು, ಅವಳಿಗಾಗಿ ಕನ್ನಡ.

“ಆಗ ಕಾಡಿನವರು ಬಂದು ಅಕ್ಕಿ ಕೇಳಿದರು, ಕೊಟ್ಟೆ. ಕೋವಿ ಹಿಡಿದವರಿಗೆ ಇಲ್ಲ ಅನ್ನಲಿಕ್ಕೆ ಆಗ್ತದಾ ಟೀಚರೇ? ಮರುದಿನ ಪೊಲೀಸರು ಬಂದರು. ಅಕ್ಕಿ ಯಾಕೆ ಕೊಟ್ಟೆ ಅಂತ. ಅವರ ಕೈಯಲ್ಲೂ ಕೋವಿ.”

“ಮತ್ತೆ ಹೇಗೆ ನಿಂತಿತು?” ಲಿಂತೋಯಿ ಕೇಳಿದಳು.

“ನಿಂತಿತು ಅಂತ ಹೇಳಿದ್ದು ಯಾರು? ಈಗ ಬರುವುದಿಲ್ಲ, ಅಷ್ಟೇ. ನಾಳೆ ನನಗೆ ಗೊತ್ತಿಲ್ಲ.” ಮತ್ತೆ ಹೇಳಿದರು: “ಅವರು, ಪೊಲೀಸರು, ಇಬ್ಬರೂ ಎಲ್ಲಿಂದಲೋ ಬಂದವರು ಮಾರಾಯ್ತಿ, ಹೋದರು. ಪಕ್ಕದ ಮನೆಯವರು ಇದ್ದ ಹಾಗೆಯೇ ಇದ್ದಾರೆ. ಮೊನ್ನೆ ಅವರ ಮಗಳ ಮದುವೆಗೆ ಉಂಡು ಬಂದೆ.”

ಲಿಂತೋಯಿ ಲೋಟ ಕೆಳಗಿಟ್ಟಳು.

“ನಮ್ಮ ಮನೆಗೆ ಬೆಂಕಿ ಹಾಕಿದವರಲ್ಲಿ ಒಬ್ಬ ನನ್ನ ಅಣ್ಣನ ಜೊತೆ ಫುಟ್‌ಬಾಲ್ ಆಡುತ್ತಿದ್ದ. ಅವನು ಬಂದಾಗ ನಮ್ಮ ನಾಯಿ ಬೊಗಳಲೇ ಇಲ್ಲ.”

“ಅವನ ಮನೆ?” ರಾಜೀವಿಯಕ್ಕ ಕೇಳಿದರು.

“ಅದೂ ಸುಟ್ಟುಹೋಯಿತು.”

“ಸುಟ್ಟದ್ದು ಯಾರು?”

ಲಿಂತೋಯಿ ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು. “ನಮ್ಮವರು” ಎಂದಳು.

ಓಹೋ, ಉತ್ತರ ಸಿಕ್ಕಿತು ಎಂದುಕೊಂಡೆ. ಹೊರಗಿನವರ ಜಗಳ ಆರುತ್ತದೆ, ನೆರೆಯವರ ಜಗಳ ಉರಿಯುತ್ತಲೇ ಇರುತ್ತದೆ. ಕಾಡಿನಿಂದ ಇಳಿದು ಬಂದವನು ಸರಕಾರಕ್ಕೆ ಶರಣಾಗಬಹುದು. ನೆರೆಯವನು ಯಾರಿಗೆ ಶರಣಾಗಬೇಕು? ಪೇಪರಿಗೆ ನಾನು ಬರೆಯುವ ಕಾಲಂಗೆ ಚಂದದ ಥಿಯರಿ. ಆದರೆ ಇಷ್ಟು ಸಲೀಸಾಗಿ ಸಿಕ್ಕ ಉತ್ತರದ ಮೇಲೂ ನನಗೆ ಅನುಮಾನವೇ. ನೆರೆಯವರು ಜಗಳವಾಡಿ ಮತ್ತೆ ಒಂದಾದದ್ದನ್ನು ನಾವು ನೋಡಿಲ್ಲವೇ?

ವಾಪಸ್ ಬರುವಾಗ ಹಿರಿಯಡ್ಕದ ಹತ್ತಿರ ಅವಳ ಫೋನಿಗೆ ಒಂದು ವಿಡಿಯೋ ಬಂತು. ಕೋಟು ಹಾಕಿದವನೊಬ್ಬ ಅವಳ ಭಾಷೆಯಲ್ಲಿ ಕೂಗುತ್ತಿದ್ದ.

“ಎಂತ ಹೇಳ್ತಾನೆ?”

“ಒಂದು ಇಂಚೂ ಹಿಂದೆ ಸರಿಯಬಾರದು ಅಂತ.”

“ಅವನೂ ಶಿಬಿರದಲ್ಲಿ ಇದ್ದಾನಾ?”

“ಇಲ್ಲ ಮೇಡಂ. ಫಾರಿನ್. ಹಿಂದೆ ಸೋಫಾ ಕಾಣ್ತದಲ್ಲ.”

ವಿಡಿಯೋ ನಿಲ್ಲಿಸಿದಳು. ಕಾರು ಬದಿಗೆ ಹಾಕಲು ಹೇಳಿದಳು. ಆ ಫುಟ್‌ಬಾಲ್ ಹುಡುಗನ ಅಮ್ಮನ ನಂಬರ್ ಅವಳಲ್ಲಿ ಇನ್ನೂ ಇತ್ತು. ಕೆಳಗಿಳಿದು, ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ನಿಂತು ಕರೆ ಮಾಡಿದಳು. ಮಾತು ಕಡಿಮೆ. ಬರೇ ತಲೆಯಾಡಿಸುತ್ತಿದ್ದಳು, ಅವರಿಗೆ ಕಾಣುತ್ತದೆ ಎಂಬ ಹಾಗೆ.

ಬಂದು ಕುಳಿತಾಗ ಕಣ್ಣು ಕೆಂಪಾಗಿತ್ತು. “ಆಂಟಿ ಅತ್ತರು. ನಾನೂ ಅತ್ತೆ. ನನ್ನ ಅಮ್ಮನ ಮೊಣಕಾಲು ಹೇಗುಂಟು ಅಂತ ಕೇಳಿದರು.”

“ಒಳ್ಳೆಯದಾಯಿತಲ್ಲ! ಆಗಾಗ ಮಾತಾಡು.”

“ಇಲ್ಲ ಮೇಡಂ. ಇನ್ನು ಫೋನ್ ಮಾಡಬೇಡ ಅಂದರು. ಅವರ ಕಡೆಯವರಿಗೆ ಗೊತ್ತಾದರೆ ಅವರನ್ನು ಬಿಡುವುದಿಲ್ಲವಂತೆ. ನಮ್ಮ ಕಡೆಯವರಿಗೆ ಗೊತ್ತಾದರೆ ನನ್ನ ಅಪ್ಪನನ್ನೂ ಬಿಡುವುದಿಲ್ಲ.”

ಅವಳನ್ನು ಇಳಿಸಿ ಬಂದ ಮೇಲೂ ನನ್ನ ತಲೆಯಲ್ಲಿ ಒಂದೇ ಅನುಮಾನ.

ಮನೆ ಕಳೆದುಕೊಂಡ ಇಬ್ಬರು ಹೆಂಗಸರು ಫೋನಿನಲ್ಲಿ ಒಟ್ಟಿಗೆ ಅತ್ತರೆ, ಅದರಿಂದ ನಷ್ಟ ಯಾರಿಗೆ?